ಭಾಷೆ ಬಗ್ಗೆ ಕೂತು ಮಾತಾಡೋ ಗುಂಪು ಕಟ್ಟೋದು ಹೆಂಗೆ? ನಮ್ಮ ಬಳ್ಳಾರಿ ಕಡೆಯವರಿಗೆ

ಮೊದಲೇ ಹೇಳ್ಬಿಡ್ತೀನಿ, ಪುಸ್ತಕದಿಂದ ಶುರು ಮಾಡ್ಬೇಡ್ರಿ. ಭಾಷಾವಿಜ್ಞಾನ, ಭಾಷೆಯ ತತ್ವಶಾಸ್ತ್ರ ಅಂತ ಹೆಸರಿಟ್ಟು ಕ್ಯಾಂಪಸ್‌ನಲ್ಲಿ ಚರ್ಚಾ ಗುಂಪು ಮಾಡೋಣ ಅಂತ ಹೊರಡೋರು ಸಾಮಾನ್ಯವಾಗಿ ಒಂದು ದೊಡ್ಡ ಹೆಸರಿನ ಪಿಡಿಎಫ್ ವಾಟ್ಸಾಪ್‌ಗೆ ಹಾಕಿ "ಮುಂದಿನ ವಾರ ಎಲ್ರೂ ಓದ್ಕೊಂಡ್ ಬನ್ನಿ" ಅಂತಾರೆ. ನಾನೂ ಹಂಗೇ ಮಾಡಿದ್ದೆ. ಬಳ್ಳಾರಿಯಲ್ಲಿ ರಿಸರ್ಚ್ ಮಾಡ್ತಿದ್ದಾಗ ಮೊದಲನೇ ಸಲ ಗುಂಪು ಕಟ್ಟಿ, ಫ್ರೇಗೆ ಅನ್ನೋ ಜರ್ಮನ್ ತತ್ವಜ್ಞಾನಿ 1892ರಲ್ಲಿ ಬರೆದ ಪ್ರಬಂಧದ ಇಂಗ್ಲಿಷ್ ಅನುವಾದ ಇಡಿಯಾಗಿ ಕಳಿಸಿದೆ, ಮೊದಲ ವಾರ ಹದಿನಾಲ್ಕು ಜನ ಬಂದ್ರು, ಮೂರನೇ ವಾರಕ್ಕೆ ಐದು ಜನ ಉಳಿದ್ರು, ಆ ಐದರಲ್ಲಿ ಇಬ್ಬರು ಬಾಯಿ ಬಿಡ್ತಿರಲಿಲ್ಲ. ಅವರಿಗೆ ಬುದ್ಧಿ ಕಮ್ಮಿ ಇತ್ತು ಅಂತಲ್ಲ, ಇಂಗ್ಲಿಷ್ ಮುಂದೆ ಇಟ್ಟ ತಕ್ಷಣ ಅವರಿಗೆ ಗೊತ್ತಿದ್ದದ್ದೆಲ್ಲ ಒಳಗೇ ಉಳ್ಕೊಂಡ್ತು.

ನಾಲ್ಕನೇ ವಾರ ಯಾರೂ ಓದ್ಕೊಂಡು ಬಂದಿರಲಿಲ್ಲ. ಮಸ್ಕಿ ಕಡೆಯ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತು ತನ್ನ ರೂಮ್‌ಮೇಟ್ ಬಗ್ಗೆ "ಆಕಿ ಇವತ್ತ ಬರಂಗಿಲ್ಲಂತ್ರಿ ಸರ್" ಅಂದ್ಲು. ಯಾಕಂತ ಅಂದೆ. "ಜ್ವರ ಬಂದಾವಂತ." ಹಿಂದೆ ಕೂತಿದ್ದ ಕಂಪ್ಯೂಟರ್ ಸೈನ್ಸ್ ಹುಡುಗ "ಬಂದಾವೋ, ಬಂದಾವಂತೋ?" ಅಂತ ಕೇಳಿದ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇನ್ ಮೈ ಮುಟ್ಟಿ ನೋಡಿಲ್ಲ, ಆಕಿ ಹೇಳಿದ್ದು ಹೇಳೀನಿ" ಅಂದ್ಲು. ಆವತ್ತು ಒಂದೂವರೆ ತಾಸು ಆ ಒಂದು 'ಅಂತ' ಹಿಡ್ಕೊಂಡೇ ಕೂತ್ವಿ, ಸುಮ್ಮನಿರ್ತಿದ್ದ ಇಬ್ಬರೂ ಮಾತಾಡಿದ್ರು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದವರು ಬಾಗಿಲಲ್ಲಿ ನಿಂತು ಮತ್ತೆ ಹತ್ತು ನಿಮಿಷ ವಾದ ಮಾಡಿದ್ರು.

ಆಮೇಲಿಂದ ನಮ್ಮ ಕ್ರಮ ಇಷ್ಟೇ: ಆ ವಾರ ಕಿವಿಗೆ ಬಿದ್ದ ಒಂದು ಮಾತು ಮೊದಲು, ಎರಡು ಪುಟ ಓದು ಆಮೇಲೆ. ಇದನ್ನ ಹೆಂಗೆ ಮಾಡೋದು ಅಂತ ಬರೀತೀನಿ, ನಿಮ್ಮ ಕ್ಯಾಂಪಸ್ ಕೊಪ್ಪಳದಲ್ಲಿರಲಿ ರಾಯಚೂರಲ್ಲಿರಲಿ ಹೆಚ್ಚುಕಮ್ಮಿ ಇದೇ ನಡೆಯುತ್ತೆ.

ಯಾರು, ಎಲ್ಲಿ, ಯಾವಾಗ

ಭಾಷಾಶಾಸ್ತ್ರದ ಡಿಪಾರ್ಟ್‌ಮೆಂಟೇ ಇಲ್ವಲ್ಲ ಅಂತ ಕೂರಬೇಡ್ರಿ. ಕನ್ನಡ ಎಂಎ, ಇಂಗ್ಲಿಷ್ ಎಂಎ, ಇತಿಹಾಸ, ಲಾ, ಕಂಪ್ಯೂಟರ್, ಎಲ್ಲರೂ ಬೇಕು. ಲಾ ಓದೋರು 'ಸಾಕ್ಷಿ ನೋಡಿದ್ದಾ ಕೇಳಿದ್ದಾ' ಅನ್ನೋದನ್ನ ನಮಗಿಂತ ಚೆನ್ನಾಗಿ ಬಲ್ಲರು, ಕಂಪ್ಯೂಟರ್‌ನವರು ವಾಕ್ಯವನ್ನ ಗಿಡದ ಹಾಗೆ ಕೊಂಬೆ ಕೊಂಬೆ ಮಾಡಿ ಬಿಡಿಸಬಲ್ಲರು. ಅದಕ್ಕಿಂತ ಮುಖ್ಯ, ಮನೇಲಿ ಬೇರೆ ಬೇರೆ ಭಾಷೆ ಆಡೋರು ಇರಲಿ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪ್‌ಗಳಿಂದ ಬರೋ ತೆಲುಗು ಮನೆಯವರು, ರಾಯಚೂರಿನ ಉರ್ದು ಮನೆಯವರು, ತಾಂಡಾದ ಲಂಬಾಣಿ ಮಾತಾಡೋರು, ಸಂಡೂರಿನ ಮರಾಠಿ ಮನೆಯವರು. ಇಂಥ ಗುಂಪು ದೊಡ್ಡ ಊರಿನ ದೊಡ್ಡ ಯೂನಿವರ್ಸಿಟಿಗೂ ಸುಲಭಕ್ಕೆ ಸಿಗಲ್ಲ, ನಮಗೆ ಕ್ಯಾಂಟೀನ್‌ನಲ್ಲೇ ಸಿಗುತ್ತೆ. ಆರರಿಂದ ಹನ್ನೆರಡು ಜನ ಸಾಕು. ಹನ್ನೆರಡು ದಾಟಿದ್ರೆ ಮಾತಾಡೋರು ನಾಲ್ಕೇ ಜನ ಆಗ್ತಾರೆ.

ವಾರದ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಹೊತ್ತು ಗೊತ್ತು ಮಾಡೋದು ಬಸ್ ನೋಡಿ. ಹಳ್ಳಿಗೆ ಹೋಗೋ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿ ಅದಕ್ಕಿಂತ ಅರ್ಧ ತಾಸು ಮುಂಚೆ ಮುಗಿಸ್ರಿ, ಇಲ್ಲಾಂದ್ರೆ ಹೆಣ್ಮಕ್ಕಳು ಎರಡನೇ ವಾರಕ್ಕೇ ಬಿಡ್ತಾರೆ, ತಪ್ಪು ಅವರದಲ್ಲ. ಮಾರ್ಚಿಯಿಂದ ಮೇ ತನಕ ಮಧ್ಯಾಹ್ನ ಬೇಡವೇ ಬೇಡ, ಬೆಳಿಗ್ಗೆ ಎಂಟಕ್ಕೆ ಬೇವಿನ ಮರದ ಕೆಳಗೆ ಕೂತ್ರೆ ಒಂಬತ್ತೂವರೆಗೆ ಬಿಸಿಲು ಏರೋಷ್ಟರಲ್ಲಿ ಮುಗಿಯುತ್ತೆ. ಒಂದು ಹಲಗೆ, ಚಾಕ್‌ಪೀಸು, ಇನ್ನೂರು ಪುಟದ ನೋಟ್‌ಬುಕ್ಕು. ಒಗ್ಗರಣಿ ಮಿರ್ಚಿ ತರಿಸೋದಾದ್ರೆ ಕೊನೆಗೆ, ಮೊದಲೇ ತಂದ್ರೆ ಆ ಹದಿನೈದು ನಿಮಿಷ ಹೋಯ್ತು.

ಚೀಟಿ ಬರೆಯೋ ಕ್ರಮ

ಪ್ರತಿಯೊಬ್ಬರೂ ವಾರಕ್ಕೆ ಒಂದು ಚೀಟಿ ತರಬೇಕು. ಚೀಟಿ ಮೇಲೆ ನಾಲ್ಕು ವಿಷಯ: ಕಿವಿಗೆ ಬಿದ್ದ ಮಾತು ಬಿದ್ದ ಹಾಗೇ, ಯಾರು ಯಾರಿಗೆ ಹೇಳಿದ್ದು (ಹೆಸರು ಬೇಡ, 'ಅಂಗಡಿಯವರು ಗಿರಾಕಿಗೆ' ಅಂದ್ರೆ ಸಾಕು), ಎಲ್ಲಿ, ಅದನ್ನ ಕೇಳಿದವರು ಆಮೇಲೆ ಏನು ಮಾಡಿದ್ರು. ನಾಲ್ಕನೆಯದನ್ನ ಎಲ್ಲರೂ ಮರೀತಾರೆ, ಆದ್ರೆ ಅದೇ ಮುಖ್ಯ, ಯಾಕಂದ್ರೆ ಮಾತು ಏನು ಕೆಲಸ ಮಾಡ್ತು ಅನ್ನೋದು ಅಲ್ಲೇ ಗೊತ್ತಾಗೋದು. ಫೋನಲ್ಲಿ ಕದ್ದು ರೆಕಾರ್ಡ್ ಮಾಡೋದು ಬೇಡ, ಮಾಡೋದಾದ್ರೆ ಕೇಳಿ ಮಾಡ್ರಿ.

'ಬಿದ್ದ ಹಾಗೇ' ಅನ್ನೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಕೊಪ್ಪಳದ ಕಡೆಯ ಒಬ್ಬಾಕೆ ತನ್ನ ಚೀಟಿ ಓದೋವಾಗ "ಅವ್ವ ಫೋನಿನಲ್ಲಿ 'ನಾನು ಬರುತ್ತಿದ್ದೇನೆ' ಎಂದಳು" ಅಂತ ಓದಿದ್ಲು. ನಿಮ್ಮ ಅವ್ವ ಹಂಗೇ ಅಂದ್ರಾ ಅಂತ ಕೇಳಿದ್ವಿ. ತಲೆ ತಗ್ಗಿಸಿದ್ಲು, ಶಾಲೇಲಿ ಯಾರೋ ನಕ್ಕಿದ್ರಂತೆ, ಅಂದಿನಿಂದ ಬರೆಯೋವಾಗ ತಾನೇ ತಿದ್ಕೋತಾಳೆ. ಅವ್ವ ಅಂದಿದ್ದು "ಬರಾಕತ್ತೀನಿ". ಅದನ್ನ ಹಲಗೆ ಮೇಲೆ ದೊಡ್ಡದಾಗಿ ಬರೆದು ಬಿಡಿಸಿದ್ವಿ: ಬರಾಕ, ಹತ್ತೀನಿ. ಹತ್ತು ಅನ್ನೋ ಕ್ರಿಯಾಪದ. ಗಿಡ ಹತ್ತೋದು, ಬಸ್ ಹತ್ತೋದು, ಬೆಂಕಿ ಹತ್ತೋದು, ಮಳಿ ಹತ್ತೋದು, "ನಗಾಕ ಹತ್ತಿದ" ಅಂದ್ರೆ ನಗೋಕೆ ಶುರು ಮಾಡಿದ. ಏರೋದು, ಅಂಟೋದು, ಶುರುವಾಗೋದು, ಅಲ್ಲಿಂದ 'ಈಗ ನಡೀತಾ ಇದೆ' ಅನ್ನೋ ಅರ್ಥಕ್ಕೆ ಬಂದು ಪ್ರತ್ಯಯದ ಹಾಗೆ ಮೈಗೆ ಅಂಟ್ಕೊಂಡಿದೆ, ಹ ಕಾರ ಕೂಡ ಕರಗಿದೆ. ಕಲಬುರಗಿ ಕಡೆ ಬರ್ಲಾಕತ್ತೀನಿ, ಧಾರವಾಡದ ಕಡೆ ಬರ್ಲಿಕ್ಕತ್ತೇನಿ. ಪದವೊಂದು ತನ್ನ ಸ್ವಂತ ಅರ್ಥ ಬಿಟ್ಟು ವ್ಯಾಕರಣದ ಕೆಲಸಕ್ಕೆ ಸೇರಿಕೊಳ್ಳೋದನ್ನ ಭಾಷಾಶಾಸ್ತ್ರದವರು ವ್ಯಾಕರಣೀಕರಣ ಅಂತಾರೆ, ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದು ನಡೆದಿದೆ, ನಮ್ಮ ಅವ್ವಂದಿರ ಬಾಯಲ್ಲಿ ದಿನಾ ಕಾಣುತ್ತೆ. 'ಬರುತ್ತಿದ್ದೇನೆ' ಅಂತ ತಿದ್ದಿದ್ರೆ ಇಷ್ಟೂ ಕಳ್ಕೊಂಡಿರ್ತಿದ್ವಿ. ಅದಕ್ಕೇ ನಮ್ಮ ಗುಂಪಿನಲ್ಲಿ ಬೇರೆಯವರ ಕನ್ನಡ ತಿದ್ದೋ ಹಾಗಿಲ್ಲ, ನಗೋ ಹಾಗಂತೂ ಇಲ್ಲವೇ ಇಲ್ಲ. "ನಮ್ಮ ಕಡೆ ಹಂಗ ಅನ್ನಂಗಿಲ್ಲ" ಅಂತ ಹೇಳಬಹುದು, ಅದು ತಿದ್ದುಪಡಿ ಅಲ್ಲ, ಅದೂ ಒಂದು ಮಾಹಿತಿ, ನೋಟ್‌ಬುಕ್‌ಗೆ ಹೋಗುತ್ತೆ, ಯಾವ ಊರು ಅಂತ ಪಕ್ಕದಲ್ಲಿ.

ಚೀಟಿ ಬಿಚ್ಚೋದು

ಎಲ್ಲರ ಚೀಟಿ ಓದಿಸಿ ಒಂದನ್ನ ಮಾತ್ರ ಆರಿಸ್ಕೊಳ್ರಿ. ಎರಡು ತಗೊಂಡ್ರೆ ಎರಡೂ ಅರೆಬೆಂದಿದ್ದಾಗುತ್ತೆ. ಆರಿಸಿದ ಮಾತಿಗೆ ಮೂರು ಪ್ರಶ್ನೆ: ಬಾಯಿಂದ ಏನು ಬಂತು, ಅದನ್ನ ಹೇಳೋದರ ಮೂಲಕ ಏನು ಮಾಡಿದ್ರು, ಕೇಳಿದವರಿಗೆ ಏನಾಯ್ತು. "ಕತ್ತಲಾಯ್ತಲ್ಲ" ಅಂತ ಅತ್ತೆ ಅಂದ್ರು, ಬಾಯಿಂದ ಬಂದದ್ದು ಕತ್ತಲಿನ ಸುದ್ದಿ, ಮಾಡಿದ್ದು ದೀಪ ಹಚ್ಚು ಅನ್ನೋ ಅಪ್ಪಣೆ, ಆಗಿದ್ದು ಸೊಸೆ ಎದ್ದು ಹೋಗಿ ಸ್ವಿಚ್ ಹಾಕಿದ್ದು. ಈ ಮೂರು ಪದರ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ತತ್ವಜ್ಞಾನಿ ಜೆ. ಎಲ್. ಆಸ್ಟಿನ್, 1955ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಅವು ಅವರು ತೀರಿಕೊಂಡ ಮೇಲೆ 1962ರಲ್ಲಿ ಪುಸ್ತಕ ಆದ್ವು. ಹೆಸರು ಕೊನೆಗೆ ಹೇಳ್ರಿ, ಮೊದಲು ಕೆಲಸ ಮಾಡಿಸ್ರಿ.

ಎರಡನೇ ಹೆಜ್ಜೆ, ಮಾತನ್ನ ಕೆಡಿಸಿ ನೋಡೋದು. ಒಂದು ಕಡೆ ಬದಲಾಯಿಸಿ, ಸರಿ ಅನ್ಸುತ್ತಾ ಅಂತ ಎಲ್ಲರನ್ನೂ ಕೇಳಿ, ಸರಿ ಅನ್ನಿಸದ ವಾಕ್ಯದ ಮುಂದೆ ಒಂದು ಚುಕ್ಕಿ ಗುರುತು (*). ಭಾಷಾಶಾಸ್ತ್ರದವರು ಎಲ್ಲ ಕಡೆ ಮಾಡೋದು ಇದೇ. ಆ 'ಅಂತ' ಚೀಟೀಲಿ ಹೆಂಗೆ ಮಾಡಿದ್ವಿ ಅಂತ ಪೂರ್ತಿ ಹೇಳ್ತೀನಿ.

"ನಾಳಿ ರಜಾ ಐತಿ, ಆದ್ರ ನಾನು ನಂಬಂಗಿಲ್ಲ." ಎಲ್ಲರೂ ಮುಖ ಹಿಂಡಿದ್ರು. ವ್ಯಾಕರಣ ಸರಿ ಇದೆ, ಎರಡು ಭಾಗವೂ ಒಟ್ಟಿಗೆ ನಿಜ ಆಗಿರೋದಕ್ಕೂ ಸಾಧ್ಯ ಇದೆ, ಆದ್ರೂ ಯಾರೂ ಹಂಗೆ ಹೇಳಲ್ಲ. ಈಗ "ನಾಳಿ ರಜಾ ಅಂತ, ಆದ್ರ ನಾನು ನಂಬಂಗಿಲ್ಲ" ಅನ್ನಿ. ಇದನ್ನ ದಿನಾ ಅಂತೀವಿ! ಮೊದಲನೇ ವಾಕ್ಯದ ತೊಡಕಿಗೆ ತತ್ವಶಾಸ್ತ್ರದಲ್ಲಿ ಮೂರ್‌ನ ವಿರೋಧಾಭಾಸ ಅಂತ ಹೆಸರು, ಜಿ. ಇ. ಮೂರ್ ಅದನ್ನ ಎತ್ತಿ ತೋರಿಸಿದ್ರು. ಅದರರ್ಥ ನಾವು ಒಂದು ಮಾತನ್ನ ಬರೀ 'ಐತಿ' ಅಂತ ಆಡಿದಾಗ ಅದಕ್ಕೆ ನಮ್ಮ ನಂಬಿಕೆಯನ್ನೂ ಒತ್ತೆ ಇಡ್ತೀವಿ, ಕನ್ನಡದ 'ಅಂತ' ಆ ಒತ್ತೆಯನ್ನ ಬಿಡಿಸ್ಕೊಡುತ್ತೆ. ಎರಡಕ್ಷರದಲ್ಲಿ.

ಆಮೇಲೆ "ನನಗ ಹಸಿವಾಗೇತಂತ" ಅನ್ನಿ. ಚುಕ್ಕಿ ಬಿತ್ತು, ನನ್ನ ಹಸಿವು ಬೇರೆಯವರ ಬಾಯಿಂದ ನನಗೆ ಗೊತ್ತಾಗೋದಾ? ಆಗ ಲಂಬಾಣಿ ಮನೆಯ ಹುಡುಗ ಒಬ್ಬ, ಇಲ್ಲ ಸರ್, ಆಸ್ಪತ್ರೇಲಿ ಎಚ್ಚರ ತಪ್ಪಿದ್ದವ ಎದ್ದ ಮೇಲೆ "ನಾನು ರಾತ್ರಿ ನೀರ್ ನೀರ್ ಅಂತಿದ್ನಂತ" ಅಂತಾನಲ್ಲ ಅಂದ. ಚುಕ್ಕಿ ಅಳಿಸಿದ್ವಿ, ಇನ್ನೊಂದು ಕಡೆ ಹಾಕಿದ್ವಿ. ಕೊನೇ ಪ್ರಶ್ನೆ ಕೇಳಿದ್ದು ಲಾ ಓದೋ ಹುಡುಗಿ: ರಜಾ ಅಂತ ಅಂದೆ, ನಾಳೆ ರಜಾ ಇರಲಿಲ್ಲ, ನಾನು ಸುಳ್ಳಿ ಆದ್ನಾ? ಹಾಗಂತ ಯಾರೂ ಹೇಳೇ ಇರಲಿಲ್ಲ, ನಾನೇ 'ಅಂತ' ಸೇರಿಸಿದ್ದೆ ಅಂದ್ರೆ? ಅಲ್ಲಿ ಸುಳ್ಳು ಇರೋದು ರಜೆಯಲ್ಲಲ್ಲ, 'ಅಂತ'ದಲ್ಲಿ. ಮನೆಗೆ ಹೋಗಿ ಮಾಡೋ ಕೆಲಸ ಅಂತ ಒಂದು ಕೊಟ್ವಿ, ಫೋನಿನ ಅನುವಾದದ ಆ್ಯಪ್‌ಗೆ "ನಾಳೆ ರಜೆಯಂತೆ" ಅಂತ ಹಾಕಿ 'ಅಂತೆ' ಎಲ್ಲಿಗೆ ಹೋಗುತ್ತೆ ನೋಡ್ಕೊಂಡ್ ಬನ್ನಿ ಅಂತ. ನೀವೂ ಮಾಡಿ ನೋಡ್ರಿ.

ಓದು ಎರಡೇ ಪುಟ, ಮತ್ತೆ ಜೋಡಿಯಾಗಿ

ಚೀಟಿ ಬಿಚ್ಚಿ ಆದ ಮೇಲೆ ಅದಕ್ಕೆ ತಕ್ಕ ಎರಡು ಪುಟ, ಅಲ್ಲೇ ಕೂತು, ಗಟ್ಟಿಯಾಗಿ, ಒಬ್ಬರು ಇಂಗ್ಲಿಷ್‌ನಲ್ಲಿ ಓದಿ ಇನ್ನೊಬ್ಬರು ಸಾಲು ಸಾಲಿಗೆ ಕನ್ನಡದಲ್ಲಿ ಹೇಳ್ತಾ ಹೋಗೋದು. ಮನೇಲಿ ಓದ್ಕೊಂಡು ಬರ್ತಾರೆ ಅಂತ ನಂಬ್ಕೋಬೇಡ್ರಿ. ಹೊರಗಿನದೊಂದು, ನಮ್ಮ ಪರಂಪರೇದೊಂದು, ಹೀಗೆ ಜೋಡಿ ಮಾಡಿದ್ರೆ ಎರಡೂ ಬೆಳಕಿಗೆ ಬರ್ತಾವೆ.

ನಮ್ಮ ಅತ್ಯಂತ ಒಳ್ಳೆಯ ಜೋಡಿ ಬಸ್ ಕಂಡಕ್ಟರ್ ಚೀಟಿಯಿಂದ ಬಂದದ್ದು. ಕಂಡಕ್ಟರ್ 'ರೈಟ್' ಅಂದ್ರೆ ಬಸ್ಸು ಹೊರಡುತ್ತೆ, 'ಹೋಲ್ಡಾನ್' ಅಂದ್ರೆ ನಿಲ್ಲುತ್ತೆ. ರೈಟ್ ಅಂದ್ರೆ ಬಲಗಡೆ ಅಲ್ಲ, ಸರಿ ಅಂತಲೂ ಅಲ್ಲ. ಹಂಗಾದ್ರೆ ಏನು? ಡಿಕ್ಷನರಿ ತೆಗೆದು ಪ್ರಯೋಜನ ಇಲ್ಲ, ಆ ಬಸ್ಸಿನ ಕೆಲಸದಲ್ಲಿ ಅದು ಏನು ಮಾಡುತ್ತೋ ಅದೇ ಅದರ ಅರ್ಥ. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್‌ನ 1953ರ ಪುಸ್ತಕದ ಮೊದಲ ಪುಟಗಳಲ್ಲಿ ಒಬ್ಬ ಮೇಸ್ತ್ರಿ, ಒಬ್ಬ ಸಹಾಯಕ ಇದ್ದಾರೆ, ಮೇಸ್ತ್ರಿ "ಚಪ್ಪಡಿ!" ಅಂತಾನೆ, ಸಹಾಯಕ ತಂದುಕೊಡ್ತಾನೆ, ಅವರ ಭಾಷೆ ಅಷ್ಟೇ ಇರೋದು. ಇದನ್ನ ಓದಿ ನಿಲ್ಲಿಸಬೇಡ್ರಿ, ಪಕ್ಕದಲ್ಲೇ ಮೀಮಾಂಸಕರನ್ನ, ಅಂದ್ರೆ ವೇದದ ವಾಕ್ಯಗಳಿಗೆ ಅರ್ಥ ಬಿಡಿಸೋ ನಮ್ಮ ಹಳೇ ಶಾಸ್ತ್ರದವರನ್ನ, ತನ್ನಿ. ಅವರ ಉದಾಹರಣೇಲಿ ಒಂದು ಮಗು ನೋಡ್ತಾ ಕೂತಿದೆ, ಹಿರಿಯರು ಒಬ್ಬರು "ಆಕಳ ತಾ" ಅಂತಾರೆ, ಕಿರಿಯವ ತರ್ತಾನೆ, "ಆಕಳ ಕಟ್ಟು" ಅಂತಾರೆ, ಕಟ್ತಾನೆ, "ಕುದುರಿ ತಾ" ಅಂತಾರೆ, ಬೇರೆ ಪ್ರಾಣಿ ಬರುತ್ತೆ. ಯಾವುದು ಉಳೀತು ಯಾವುದು ಬದಲಾಯ್ತು ಅಂತ ನೋಡ್ತಾ ನೋಡ್ತಾ ಮಗು ಪದ ಕಲಿಯುತ್ತೆ. ಹಂಗಾದ್ರೆ ಪದಕ್ಕೆ ತನ್ನದೇ ಅರ್ಥ ಮೊದಲು ಇದ್ದು ಆಮೇಲೆ ವಾಕ್ಯದಲ್ಲಿ ಸೇರ್ತಾವಾ, ಅದು ಕುಮಾರಿಲ ಭಟ್ಟನ ಪಕ್ಷ, ಇಲ್ಲಾ ಪದ ಯಾವಾಗಲೂ ಇನ್ನೊಂದು ಪದದ ಜೊತೆ ಸಂಬಂಧ ಇಟ್ಕೊಂಡೇ ಅರ್ಥ ಕೊಡುತ್ತಾ, ಅದು ಪ್ರಭಾಕರನ ಪಕ್ಷ, ಇವೆರಡೂ ಬೇಡ, ವಾಕ್ಯ ಅನ್ನೋದು ಒಡೆಯಲಾಗದ ಒಂದೇ ಗಟ್ಟಿ, ಪದಗಳು ಆಮೇಲೆ ನಾವು ಕತ್ತರಿಸಿದ ತುಂಡು ಅಂತ ವ್ಯಾಕರಣದ ದಾರ್ಶನಿಕ ಭರ್ತೃಹರಿ. ಗುಂಪನ್ನ ಮೂರು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಪಕ್ಷ ಕೊಡ್ರಿ, ಮುಂದಿನ ವಾರ ಪಕ್ಷ ಬದಲಾಯಿಸ್ರಿ. ಸಂಸ್ಕೃತ ಬರಲ್ಲ ಅಂತ ಹಿಂಜರೀಬೇಡ್ರಿ, ವಾದ ಕನ್ನಡದಲ್ಲೇ ನಿಲ್ಲುತ್ತೆ.

"ಕಾಲುವಿ ಮ್ಯಾಲ ಐತ್ರಿ ನಮ್ಮ ಹೊಲ" ಅನ್ನೋದು ಇನ್ನೊಂದು ಚೀಟಿ. ತುಂಗಭದ್ರಾ ಕಾಲುವೆ ಇರೋ ಕಡೆ ಎಲ್ಲರೂ ಅನ್ನೋ ಮಾತು, ಹೊಲ ನೀರಿನ ಮೇಲೆ ತೇಲಲ್ಲ. 'ಗಂಗೆಯಲ್ಲಿ ಹಳ್ಳಿ' ಅನ್ನೋ ಹಳೇ ಉದಾಹರಣೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೇ ಇರೋದು: ನೇರ ಅರ್ಥ ಹೊಂದಲ್ಲ, ಆ ಅರ್ಥಕ್ಕೆ ಸಂಬಂಧ ಇರೋ ಇನ್ನೊಂದು ಸಿಗುತ್ತೆ, ಅದಕ್ಕೆ ರೂಢಿಯೋ ಒಂದು ಉದ್ದೇಶವೋ ಇರಬೇಕು, ಇದು ಲಕ್ಷಣೆ. ಹಂಗಂದಾಗ ನೀರಾವರಿ ಜಮೀನು ಅನ್ನೋ ಹೆಮ್ಮೆಯೂ ಕೇಳಿಸುತ್ತಲ್ಲ, ಅದು ಎಲ್ಲಿಂದ ಬಂತು? ಇದರ ಜೊತೆಗೆ ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಕೊಟ್ಟ ಉಪನ್ಯಾಸದ ಪುಟ ಹಾಕ್ರಿ, ಬಾಯಿಬಿಟ್ಟು ಹೇಳದೇ ತಿಳಿಸೋದರ ಲೆಕ್ಕಾಚಾರ ಅವರದು, ಸಾಲ ಕೇಳಿದವರಿಗೆ "ನೋಡೋಣ ತಗೊ" ಅನ್ನೋದು 'ಇಲ್ಲ' ಹೆಂಗಾಗುತ್ತೆ ಅಂತ ಅದರಿಂದ ಬಿಡಿಸಬಹುದು.

ಮಸ್ಕಿಗೆ ಕರ್ಕೊಂಡು ಹೋಗ್ರಿ

ಸೆಮಿಸ್ಟರ್‌ಗೆ ಒಂದು ಸಲ ಹೊರಗೆ ಹೋಗ್ಲೇಬೇಕು, ಮತ್ತೆ ಇದನ್ನ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಜಿಲ್ಲೆಯವರು ಬಿಟ್ರೆ ದೊಡ್ಡ ನಷ್ಟ. ನಾನು ಮೊದಲ ಸಲ ಸೋತಿದ್ದ ಅದೇ ಫ್ರೇಗೆ ಪ್ರಬಂಧ ಕೊನೆಗೂ ಗುಂಪಿಗೆ ಹತ್ತಿದ್ದು ಕ್ಲಾಸ್‌ರೂಮಲ್ಲಲ್ಲ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆ ಮುಂದೆ.

ಫ್ರೇಗೆ ಕೇಳೋದು ಇಷ್ಟು. ಬೆಳಗಿನ ಚುಕ್ಕಿ, ಸಂಜೆ ಚುಕ್ಕಿ ಎರಡೂ ಒಂದೇ ಶುಕ್ರಗ್ರಹ. "ಬೆಳಗಿನ ಚುಕ್ಕಿ ಅಂದ್ರೆ ಬೆಳಗಿನ ಚುಕ್ಕಿ" ಅಂದ್ರೆ ಯಾರಿಗೂ ಹೊಸದೇನೂ ಗೊತ್ತಾಗಲ್ಲ, "ಬೆಳಗಿನ ಚುಕ್ಕಿಯೇ ಸಂಜೆ ಚುಕ್ಕಿ" ಅಂದ್ರೆ ಗೊತ್ತಾಗುತ್ತೆ. ಎರಡು ಹೆಸರೂ ತೋರಿಸೋ ವಸ್ತು ಒಂದೇ ಆದ್ಮೇಲೆ ಈ ವ್ಯತ್ಯಾಸ ಎಲ್ಲಿಂದ ಬಂತು? ಹೆಸರಿಗೆ ತೋರಿಸೋ ವಸ್ತು ಒಂದು, ತೋರಿಸೋ ಬಗೆ ಒಂದು, ಎರಡೂ ಬೇರೆ ಅನ್ನೋದು ಅವರ ಉತ್ತರ. ಇದನ್ನ ಹಲಗೆ ಮೇಲೆ ಬರೆದಾಗ ಎಲ್ಲರೂ ತಲೆ ಆಡಿಸಿದ್ರು, ಅಷ್ಟೇ.

ಈಗ ಮಸ್ಕಿ. ದೇಶದ ಎಷ್ಟೋ ಕಡೆ ಬಂಡೆ, ಕಂಬಗಳ ಮೇಲೆ ಒಬ್ಬ ರಾಜನ ಶಾಸನಗಳು ಸಿಕ್ಕಿದ್ವು, ಅವನು ತನ್ನನ್ನ ಕರ್ಕೊಂಡಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ. ಪುರಾಣಗಳಲ್ಲಿ, ಬೌದ್ಧ ಗ್ರಂಥಗಳಲ್ಲಿ ಅಶೋಕ ಅನ್ನೋ ರಾಜ ಬೇರೆ ಇದ್ದ. ಸಿಂಹಳದ ಗ್ರಂಥಗಳನ್ನ ಹಿಡಿದು ಇಬ್ಬರೂ ಒಬ್ಬನೇ ಅಂತ ವಿದ್ವಾಂಸರು 19ನೇ ಶತಮಾನದಲ್ಲೇ ಹೇಳಿದ್ರು, ಆದ್ರೆ ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ನೋಡಿದ ಶಾಸನದಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿ 'ದೇವಾನಾಂಪಿಯಸ ಅಸೋಕಸ' ಅಂತ ಎರಡೂ ಒಟ್ಟಿಗೆ ಇತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಅಶೋಕನ ಹೆಸರು ಸಿಕ್ತು.

ಬಂಡೆ ಮುಂದೆ ನಿಂತು ಕೇಳ್ರಿ: "ಅಶೋಕ ಅಂದ್ರೆ ಅಶೋಕ" ಅಂತ ಹೇಳೋದಕ್ಕೆ ಕಲ್ಲು ಬೇಕಿತ್ತಾ? "ದೇವಾನಾಂಪ್ರಿಯನೇ ಅಶೋಕ" ಅನ್ನೋದಕ್ಕೆ ಯಾಕೆ ಬೇಕಾಯ್ತು? ಆಗ ಫ್ರೇಗೆ ತಾನಾಗೇ ಅರ್ಥ ಆಗ್ತಾನೆ. ಮಸ್ಕಿ ಹುಡುಗಿ, ಮೊದಲ ದಿನ 'ಅಂತ' ಅಂದಾಕೆ, ಅಲ್ಲೇ ಇನ್ನೊಂದು ಕೇಳಿದ್ಲು, ದೇವಾನಾಂಪ್ರಿಯ ಅನ್ನೋದು ಹೆಸರಾ ಬಿರುದಾ? ಅಂದ್ರೆ 'ದೇವರಿಗೆ ಪ್ರಿಯನಾದವನು' ಅಂತ ವರ್ಣನೆ ಆದ್ರೆ ಅದು ಇನ್ನೊಬ್ಬ ರಾಜನಿಗೂ ಹೊಂದಬಹುದಲ್ಲ ಅಂತ. ಹೊಂದಿದೆ, ಸಿಂಹಳದ ರಾಜ ತಿಸ್ಸನಿಗೂ ಅದೇ ಬಿರುದು ಇತ್ತು, ಅದರಿಂದಲೇ ಶಾಸನ ಮೊದಲು ಓದಿದ ಪ್ರಿನ್ಸೆಪ್ ಶುರುವಿನಲ್ಲಿ ಇವನು ಸಿಂಹಳದ ರಾಜ ಇರಬೇಕು ಅಂದ್ಕೊಂಡಿದ್ದ. ಅಲ್ಲಿಂದ ಇಂಥ ವರ್ಣನೆಗಳನ್ನ ಬಿಡಿಸಿ ನೋಡಿದ ತತ್ವಜ್ಞಾನಿ ರಸೆಲ್‌ನ 1905ರ ವಾದಕ್ಕೆ, ಹೆಸರು ವರ್ಣನೆ ಅಲ್ಲವೇ ಅಲ್ಲ ಅಂದ ಕ್ರಿಪ್ಕೆಯ 1970ರ ಉಪನ್ಯಾಸಗಳಿಗೆ ಒಂದೇ ಹೆಜ್ಜೆ. ಬಸ್ಸಲ್ಲಿ ವಾಪಸ್ ಬರೋವಾಗ ಇನ್ನೊಂದು ಎತ್ತಬಹುದು: 2014ರ ನವೆಂಬರ್ 1ಕ್ಕೆ ಸರ್ಕಾರ ಊರುಗಳ ಹೆಸರು ಬದಲಾಯಿಸಿದಾಗ ಇಂಗ್ಲಿಷ್‌ನ ಬೆಲ್ಲಾರಿ ಬಳ್ಳಾರಿ ಆಯ್ತು, ಅಲ್ಲಿ ಬದಲಾಗಿದ್ದು ಹೆಸರಾ, ಸ್ಪೆಲ್ಲಿಂಗಾ? ನಮ್ಮ ಅಜ್ಜಿಯರು ಯಾವತ್ತೂ ಬಳ್ಳಾರಿ ಅಂತಲೇ ಅಂತಿದ್ರಲ್ಲ.

ಹೋಗೋವಾಗ ಶಾಸನದ ಪಾಠವನ್ನ ಕನ್ನಡ ಲಿಪೀಲಿ ಪ್ರಿಂಟ್ ತಗೊಂಡು ಹೋಗ್ರಿ, ನೀರು ಟೋಪಿ ಇರಲಿ, ಬೆಳಿಗ್ಗೆ ಬೇಗ ಹೋಗ್ರಿ, ಅಕ್ಷರ ಕಾಣ್ಲಿ ಅಂತ ಕಲ್ಲಿಗೆ ಚಾಕ್ ಹಚ್ಚೋದು, ನೀರು ಹಾಕೋದು ಮಾಡಲೇಬೇಡ್ರಿ. ಕೊಪ್ಪಳದವರಿಗೆ ಊರಲ್ಲೇ ಗವಿಮಠದ ಗುಡ್ಡ, ಪಾಲ್ಕಿಗುಂಡು ಇವೆ, ಎರಡು ಕಡೆಯೂ ಅಶೋಕನ ಶಾಸನ ಇದೆ. ಅಲ್ಲಿ ಕೇಳೋ ಪ್ರಶ್ನೆ ಬೇರೆ, ಈ ಪ್ರಾಕೃತ ಇಲ್ಲಿಯ ಜನಕ್ಕೆ ತಿಳೀತಿತ್ತಾ, ಯಾರೋ ಓದಿ ಇಲ್ಲಿಯ ಮಾತಲ್ಲಿ ಹೇಳ್ತಿದ್ರಾ? ಅದೇ ಕೊಪ್ಪಳವನ್ನ ಸುಮಾರು ಸಾವಿರ ವರ್ಷ ಆದ ಮೇಲೆ, ಕ್ರಿ.ಶ. 850ರ ಹೊತ್ತಿಗೆ, ಕವಿರಾಜಮಾರ್ಗ ಕೊಪಣನಗರ ಅಂತ ಹೆಸರಿಸಿ ತಿರುಳುಗನ್ನಡದ ನಾಡಿನ ನಾಲ್ಕು ಗುರುತುಗಳಲ್ಲಿ ಒಂದು ಅಂತ ಹೇಳುತ್ತೆ, ಕಿಸುವೊಳಲು, ಪುಲಿಗೆರೆ, ಒಂಕುಂದ ಉಳಿದ ಮೂರು. "ಬರಾಕತ್ತೀನಿ" ಅನ್ನೋದಕ್ಕೆ ನಾಚ್ಕೋತಿದ್ದ ಆ ಕೊಪ್ಪಳದ ಹುಡುಗಿಗೆ ಇದನ್ನ ಓದಿ ಹೇಳಿದಾಗ ಅವಳು ಆ ನಾಲ್ಕು ಊರಿನ ಹೆಸರನ್ನ ತನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರ್ಕೊಂಡ್ಲು.

ಯಾವ ಭಾಷೇಲಿ ನಡೆಸೋದು

ಕನ್ನಡದಲ್ಲಿ. ಆದ್ರೆ ಯಾರು ಯಾವ ಭಾಷೆಯ ಉದಾಹರಣೆ ಬೇಕಾದ್ರೂ ತರಬಹುದು. ಸಿಂಧನೂರು ಕ್ಯಾಂಪಿನ ಒಬ್ಬ ಹು‌ಡುಗ ಒಂದು ದಿನ ನನಗೆ "ಸರ್, ನೀವು 'ನಾವು ನಾಳೆ ಮಸ್ಕಿಗೆ ಹೋಗ್ತೀವಿ' ಅಂದ್ರಿ, ನನ್ನ ಸೇರಿಸಿ ಅಂದ್ರೋ ಬಿಟ್ಟು ಅಂದ್ರೋ ಗೊತ್ತಾಗಲಿಲ್ಲ" ಅಂದ. ಅವನ ತೆಲುಗಲ್ಲಿ ಕೇಳೋರನ್ನ ಸೇರಿಸಿದ್ರೆ ಮನಂ, ಬಿಟ್ರೆ ಮೇಮು. ಕನ್ನಡದ 'ನಾವು' ಎರಡಕ್ಕೂ ಒಂದೇ. ಹಂಗಾದ್ರೆ ಕನ್ನಡದವರಿಗೆ ಆ ಭೇದ ತೋಚಲ್ವಾ ಅಂತ ಯಾರೋ ಕೇಳಿದ್ರು, ಇನ್ನೊಬ್ಬರು 'ಹೋಗೋಣ' ಅಂದ್ರೆ ಕೇಳೋರು ಒಳಗೇ ಬಂದ್ರಲ್ಲ ಅಂದ್ರು, ಭೇದ ಸರ್ವನಾಮದಲ್ಲಿ ಇಲ್ಲದಿದ್ರೆ ಕ್ರಿಯಾಪದದ ತುದೀಲಿ ಇದೆ.

ನಮ್ಮ ನಾಡಿನ ಈ ಹಲವು ಭಾಷೆ ಹೊಸದಲ್ಲ. ಬಳ್ಳಾರಿ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಜಿಲ್ಲೆಯ ಶಾಲೆಗಳ ವರದಿ ಬರೆದ, ಆಗ ಜಿಲ್ಲೆ ಇವತ್ತಿಗಿಂತ ತುಂಬಾ ದೊಡ್ಡದು. ಒಟ್ಟು 533 ಶಾಲೆ, ಅದರಲ್ಲಿ ಕನ್ನಡದ್ದು 235, ತೆಲುಗಿನದು 226, ಮರಾಠಿ 23, ಫಾರ್ಸಿ 21, ತಮಿಳು 4, ಇಂಗ್ಲಿಷ್ 1, ಉಳಿದ 23 ಬ್ರಾಹ್ಮಣರ ಶಾಸ್ತ್ರಪಾಠದವು. ಅದೇ ಕ್ಯಾಂಪ್‌ಬೆಲ್ 1816ರಲ್ಲಿ ತೆಲುಗು ವ್ಯಾಕರಣ ಬರೆದಿದ್ದ, ತೆಲುಗು, ಕನ್ನಡ, ತಮಿಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಅಂತ ಮದ್ರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿದ ಟಿಪ್ಪಣಿ ಅಚ್ಚಾಗಿದ್ದು ಆ ಪುಸ್ತಕದ ಮುನ್ನುಡಿಯ ಜೊತೆ, ಕಾಲ್ಡ್‌ವೆಲ್‌ನ 1856ರ ಪ್ರಸಿದ್ಧ ದ್ರಾವಿಡ ವ್ಯಾಕರಣದ ಪುಸ್ತಕಕ್ಕೆ 40 ವರ್ಷ ಮೊದಲು. ಗುಂಪಿನ ಎರಡನೇ ತಿಂಗಳಲ್ಲಿ ಈ ಅಂಕಿ ಹಲಗೆ ಮೇಲೆ ಬರೀರಿ, ಮಾತು ತಾನಾಗೇ ಬೆಳೆಯುತ್ತೆ.

ಪಾರಿಭಾಷಿಕ ಪದಗಳಿಗೆ ಅವಸರದಲ್ಲಿ ಕನ್ನಡ ಪದ ಕಟ್ಟಬೇಡ್ರಿ. ಫ್ರೇಗೆಯ ಎರಡು ಪದಕ್ಕೂ ನಾವು 'ಅರ್ಥ' ಅಂತಲೇ ಹಾಕಿ ಒಂದು ವಾರ ಒದ್ದಾಡಿದ್ವಿ, ಅದರ ಮೇಲೆ ನಮ್ಮ 'ಅರ್ಥ'ಕ್ಕೆ ದುಡ್ಡು ಅಂತಲೂ ಇದೆ, ಉದ್ದೇಶ ಅಂತಲೂ ಇದೆ. ಈಗ 'ತೋರಿಸೋ ವಸ್ತು', 'ತೋರಿಸೋ ಬಗೆ' ಅಂತ ಉದ್ದಕ್ಕೇ ಅಂತೀವಿ, ಯಾರಿಗೂ ಗೊಂದಲ ಇಲ್ಲ. ಒಂದು ಪದವನ್ನ ಮೂರು ವಾರ ಬಳಸಿ ಸವೆಸಿದ ಮೇಲೆ ನೋಟ್‌ಬುಕ್‌ನ ಹಿಂದಿನ ಪುಟಕ್ಕೆ ಹಾಕ್ರಿ.

ಗುಂಪು ಕೆಡೋದು ಎಲ್ಲಿ

ಪದ ಎಲ್ಲಿಂದ ಬಂತು ಅನ್ನೋ ಊಹೆಯ ಆಟ ಮೊದಲನೇ ಶತ್ರು. ಒಬ್ಬರು ಈ ಪದ ಆ ಪದದಿಂದ ಬಂದಿದ್ದು ಅಂತ ಶುರು ಮಾಡಿದ್ರೆ ಎಲ್ಲರ ಹತ್ತಿರವೂ ಒಂದೊಂದು ಇರುತ್ತೆ, ಸಂಜೆ ಆಗಿಬಿಡುತ್ತೆ. ನಮ್ಮ ಕಟ್ಟುನಿಟ್ಟು ಏನಂದ್ರೆ ನಿಘಂಟು ತೋರಿಸದೇ ವ್ಯುತ್ಪತ್ತಿ ಹೇಳೋ ಹಾಗಿಲ್ಲ. ಕಿಟ್ಟೆಲ್‌ನ 1894ರ ನಿಘಂಟು, ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (ಎರಡನೇ ಆವೃತ್ತಿ 1984) ಎರಡೂ ಫೋನಲ್ಲೇ ಸಿಗ್ತಾವೆ. ಎರಡನೇದು ಭಾಷೆಯ ಜಗಳ, ಯಾವ ಭಾಷೆ ದೊಡ್ಡದು, ಯಾವುದು ಮೊದಲು, ಯಾರ ಕನ್ನಡ ಶುದ್ಧ. ಅದು ಹತ್ತಿಕೊಂಡ್ರೆ ನಡೆಸೋರು ಎದ್ದು ನಿಂತು ಒಂದೇ ಮಾತು ಕೇಳ್ಬೇಕು: ಚೀಟಿ ಯಾವುದು? ಒಂದು ವಾಕ್ಯ ತೋರಿಸದೇ ಒಪ್ಪಲ್ಲ ಅನ್ನೋದು ಲೆಕ್ಕಕ್ಕಿಲ್ಲ. ಮೂರನೇದು ಮೇಷ್ಟ್ರು. ಪ್ರೊಫೆಸರ್ ಬಂದ್ರೆ ಸಂತೋಷ, ಸರ್, ಮೇಡಂ ಅನ್ನೋದು ಇರಲಿ, ಆದ್ರೆ ಅವರೂ ಚೀಟಿ ತರಲಿ, ಮತ್ತೆ ಎಲ್ಲರಿಗಿಂತ ಕೊನೆಗೆ ಮಾತಾಡಲಿ. ನಮ್ಮಲ್ಲಿ ಇದನ್ನ ಮೊದಲೇ ಹೋಗಿ ವಿನಯದಿಂದ ಹೇಳಿದ್ವಿ, ಯಾರೂ ಬೇಜಾರ್ ಮಾಡ್ಕೊಂಡಿಲ್ಲ.

ಪ್ರತಿ ವಾರ ಒಬ್ಬರು ಬರ್ಕೋಬೇಕು, ಸರದಿ ಮೇಲೆ. ತಾರೀಖು, ಚೀಟಿ, ಚುಕ್ಕಿ ಬಿದ್ದ ವಾಕ್ಯ, ಯಾವ ಊರವರು ಒಪ್ಪಿದ್ರು ಯಾರು ಒಪ್ಪಲಿಲ್ಲ. ಚೀಟಿಗಳನ್ನ ಒಂದು ಡಬ್ಬಿಗೆ ಹಾಕಿ ಇಡ್ರಿ, ಫೈನಲ್ ಇಯರ್ ಮುಗಿಸಿ ಹೋಗೋರು ಡಬ್ಬಿ, ನೋಟ್‌ಬುಕ್ ಎರಡನ್ನೂ ಜೂನಿಯರ್‌ಗಳ ಕೈಗೇ ಕೊಡಬೇಕು, ಅಲ್ಮಾರದಲ್ಲಿ ಇಟ್ರೆ ಮುಂದಿನ ವರ್ಷ ಯಾರೂ ತೆಗೆಯಲ್ಲ.

ಮೊದಲ ವಾರ ಯಾರೂ ಚೀಟಿ ತರದಿದ್ರೆ ಇದನ್ನ ತಗೊಳ್ರಿ, ಇದು ನಮ್ಮ ಡಬ್ಬಿಯಿಂದ, ನಮಗೂ ಇನ್ನೂ ಬಗೆಹರಿದಿಲ್ಲ. ಬಳ್ಳಾರಿ ಬಸ್‌ಸ್ಟ್ಯಾಂಡ್ ಹತ್ತಿರದ ಚಾ ಅಂಗಡಿ, ಅಂಗಡಿಯವರು ಹಿರಿಯ ಗಿರಾಕಿಗೆ "ಇನ್ನೊಂದ್ ಚಾ ಕೊಡ್ಲೇನ್ರಿ?" ಅಂದ್ರು. ಅವರು "ಬ್ಯಾಡ ಅನ್ನಂಗಿಲ್ಲ" ಅಂದ್ರು. ಅಂಗಡಿಯವರು ಲೋಟ ತೊಳೆದು ಚಾ ಹಾಕಿದ್ರು.